ಒಂದೂವರೆ ಗೇಣು ಹಿತ್ತಾಳೆ

ಜನವರಿ 11

ಕೈ: ಏನೂ ಇಲ್ಲ.

ಇಷ್ಟು ಬರೆದರೆ ಸಾಕಂತೆ. ಕೈ ಡಾಕ್ಟರಮ್ಮ ಈ ಪುಸ್ತಕ ಕೊಟ್ಟು ಹೋದಳು. ಅವಳು ಡಾಕ್ಟರೇನಲ್ಲ, ವ್ಯಾಯಾಮ ಮಾಡಿಸುವವಳು. ವಾರಕ್ಕೆರಡು ಸಲ ಬಂದು ನಮ್ಮ ಯಜಮಾನರ ಬಲಗೈಯನ್ನು ಹಿಂಡಿ ಹಿಪ್ಪೆ ಮಾಡುವುದರಿಂದ ನಮ್ಮ ಮನೆಯಲ್ಲಿ ಆ ಹೆಸರು ಬಿದ್ದಿದೆ. "ದಿನಾ ಕೈ ಏನು ಮಾಡ್ತು ಅಂತ ಒಂದು ಸಾಲು ಬರೆದಿಡಿ" ಎಂದಳು. ಒಂದು ಸಾಲಿಗೆ ಇಷ್ಟು ದಪ್ಪ ಪುಸ್ತಕ ಯಾಕೆ ಬೇಕು? ಮಿಕ್ಕ ಜಾಗ ನನ್ನದು ಎಂದುಕೊಂಡಿದ್ದೇನೆ.

ಸೆಪ್ಟೆಂಬರ್ ಇಪ್ಪತ್ತಕ್ಕೆ ಇವರಿಗೆ ಲಕ್ವ ಹೊಡೆಯಿತು. ಬಲಗಡೆ ಹೋಯಿತು, ಮಾತು ಹೋಯಿತು. ಮಾತಿನಲ್ಲಿ ಉಳಿದದ್ದು "ಊಹೂಂ" ಒಂದೇ. "ಹೂಂ" ಅನ್ನುವುದಕ್ಕೆ ಬರುವುದಿಲ್ಲ. ಮೊದಲೂ ಅಷ್ಟಾಗಿ ಬರುತ್ತಿರಲಿಲ್ಲ ಅನ್ನಿ.

ಇವತ್ತು ಅವಳು ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದಳು: "ಆರು ತಿಂಗಳೊಳಗೆ ಎಷ್ಟು ಬಂತೋ ಅಷ್ಟು ಅಂದ್ಕೊಳಿ. ಆಮೇಲೆ ಬರೋದು ಕಷ್ಟ. ಈ ರಬ್ಬರ್ ಚೆಂಡು ಕೊಟ್ರೆ ಅವ್ರು ಎಸೀತಾರೆ, ಬಿಟ್ಬಿಡಿ. ಅವ್ರ ಕೆಲಸಾನೇ ಅವ್ರ ಕೈಗೆ ಕೊಡಿ. ಕೈಗೂ ನೆನಪು ಅಂತ ಇರುತ್ತೆ."

ಇವರು ಮೂವತ್ತೇಳು ವರ್ಷ ಮಾಡಿದ್ದು ಒಂದೇ ಕೆಲಸ, ಹಿತ್ತಾಳೆ ಕೊಳವೆಯಲ್ಲಿ ಸೀಟಿ ಮಾಡುವುದು. ಒಂದೂವರೆ ಗೇಣು ಕೊಳವೆ, ಊದುವ ತುದಿಗೆ ಮರದ ಬೆಣೆ, ಅದರ ಕೆಳಗೆ ಗಾಳಿ ಸೀಳುವ ಒಂದು ಕಿಟಕಿ, ಮತ್ತೆ ಕೊಳಲಿಗಿರುವ ಹಾಗೆ ಆರು ತೂತು. ನನಗೆ ಅದರ ಗಂಧಗಾಳಿ ಇಲ್ಲ. ಒರೆಸಿ, ಒಂದು ಸಲ ಊದಿ ನೋಡಿ, ಕಾಗದದಲ್ಲಿ ಸುತ್ತುವುದಷ್ಟೇ ನನ್ನ ಪಾಲು. ನಾನು ನಡುಮನೆಯಲ್ಲಿ ಊದಿದರೆ ಇವರು ಕೆಲಸದ ಕೋಣೆಯಿಂದಲೇ ಲೋಹ ಉಜ್ಜುವ ಅರದ ಹಿಡಿಯಲ್ಲಿ ಬೆಂಚು ಕುಟ್ಟುತ್ತಿದ್ದರು. ಒಂದು ಕುಟ್ಟಿದರೆ ಸರಿಯಿದೆ, ಸುತ್ತು. ಎರಡು ಕುಟ್ಟಿದರೆ ಸರಿಯಿಲ್ಲ, ವಾಪಸ್ಸು ತಾ. ಮದುವೆಯಾದ ಮೇಲೆ ನಾವಿಬ್ಬರು ಆಡಿದ ಮಾತಿಗಿಂತ ಈ ಕುಟ್ಟುಗಳೇ ಹೆಚ್ಚಿರಬೇಕು.

ಅವಳು ಹೋದ ಮೇಲೆ ಅರ ತಂದು ಬಲಗೈಯಲ್ಲಿಟ್ಟೆ. ಜಾರಿ ಹಾಸಿಗೆಗೆ ಬಿತ್ತು. ಇವರು ಅದನ್ನು ನೋಡಲೇ ಇಲ್ಲ. ಎಡಗೈ ಎತ್ತಿ, ತೆರೆದ ಬಾಗಿಲಾಚೆ ಕೊಳವೆ ಜೋಡಿಸಿಡುವ ಗೋಡೆಯ ಹಲಗೆ ತೋರಿಸಿದರು. ಹಲಗೆ ಖಾಲಿ. ಕೊಳವೆ ಕೊಡುತ್ತಿದ್ದ ಕಾರ್ಖಾನೆ ಆ ತೆಳು ಅಳತೆ ಮಾಡುವುದನ್ನೇ ನಿಲ್ಲಿಸಿದೆ. ಕೊನೆಯ ಕಟ್ಟನ್ನು ಇವರು ಲಕ್ವಕ್ಕೆ ಒಂದು ವಾರ ಮೊದಲು ಮುಗಿಸಿದ್ದರು. ಕೊಳವೆಯಿಲ್ಲದೆ ಅರ ಹಿಡಿದು ಏನು ಮಾಡಲಿ ಎಂದು ಕೇಳಿದ ಹಾಗಿತ್ತು. ನ್ಯಾಯವಾದ ಪ್ರಶ್ನೆಯೇ.

ಕೊಳವೆ ತರುತ್ತೇನೆ. ಕೊಳವೆ ಬಂದರೆ ಕೈ ಬರುತ್ತದೆ. ಮಾರ್ಚ್ ಇಪ್ಪತ್ತಕ್ಕೆ ಇನ್ನು ಅರವತ್ತೆಂಟು ದಿನ.

ಜನವರಿ 14

ಕೈ: ಕಿರುಬೆರಳು ಅಲುಗಿತು ಎಂದು ನಾದಿನಿ ಹೇಳಿದಳು. ನಾನು ನೋಡಲಿಲ್ಲ.

ನಾದಿನಿ ಎರಡು ಬೀದಿ ಆಚೆ ಇದ್ದಾಳೆ. ನಾನು ಹೊರಗೆ ಹೋದಾಗ ಅಣ್ಣನ ಹತ್ತಿರ ಬಂದು ಕೂರುತ್ತಾಳೆ. ಅವಳ ಅಪ್ಪನೂ ಸೀಟಿ ಮಾಡುತ್ತಿದ್ದವರೇ, ಅವಳು ಹುಟ್ಟಿ ಬೆಳೆದದ್ದು ಈ ಅರದ ಸದ್ದಿನಲ್ಲೇ.

ಲೋಹದ ಅಂಗಡಿಗಳ ಬೀದಿಗೆ ಹೋದೆ. ಜಾಣೆಯ ಹಾಗೆ ಮನೆಯಿಂದ ಹೊರಡುವಾಗ ಒಂದು ಹಳೇ ಸೀಟಿಗೆ ಪಟ್ಟಿ ಹಿಡಿದು ಅಳತೆ ಬರೆದುಕೊಂಡಿದ್ದೆ. ಹದಿನಾಲ್ಕು ಮಿಲಿಮೀಟರ್. ಮೂರನೇ ಅಂಗಡಿಯಲ್ಲೇ ಹದಿನಾಲ್ಕರ ಹಿತ್ತಾಳೆ ಸಿಕ್ಕಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ, ಪಕ್ಕದವಳು "ಏನದು?" ಎಂದರೆ "ನಮ್ಮೋರ ಕೈ" ಎನ್ನುವುದೊಂದು ಬಾಕಿ.

ಮನೆಗೆ ಬಂದು ಬೆಣೆ ಹಾಕಿ ನೋಡಿದರೆ ಒಳಗೆ ಹೋಗುವುದಿಲ್ಲ. ನಾನು ಅಳೆದದ್ದು ಹೊರಗಿನ ಅಗಲ. ಈ ಕೊಳವೆಯ ಗೋಡೆ ಎರಡರಷ್ಟು ದಪ್ಪ. ಸೀಟಿಗೆ ಬೇಕಾದದ್ದು ಒಳಗಿನ ಗಾಳಿಯ ಅಳತೆ, ಹೊರಗಿನ ಲೋಹದ್ದಲ್ಲ. ಮೂವತ್ತು ವರ್ಷ ಊದಿದವಳಿಗೆ ಅಷ್ಟು ತಿಳಿಯಬೇಡವೇ?

ಆದರೂ ಇವರಿಗೆ ಕೊಟ್ಟೆ. ಮೊದಲಿನಿಂದಲೂ ಇವರದು ಒಂದೇ ರೀತಿ: ಕೊಳವೆಯ ತುದಿಯನ್ನು ಹಲ್ಲಲ್ಲಿ ಮೆಲ್ಲಗೆ ಕಚ್ಚಿ, ಉಗುರಿನಲ್ಲಿ ತಟ್ಟಿ, ಅದರ ಗುಂಯ್ ತಲೆಯೊಳಗೆ ಹೇಗೆ ಕೇಳುತ್ತದೆ ಎಂದು ನೋಡುವುದು. ಎಡಗೈಯಲ್ಲೂ ಅದು ಆಗುತ್ತದೆ. ಕಚ್ಚಿದರು, ತಟ್ಟಿದರು, "ಊಹೂಂ" ಎಂದರು. ಊಟವನ್ನೂ ಅರ್ಧಕ್ಕೆ ಬಿಟ್ಟರು. ನನ್ನ ಪೆದ್ದುತನಕ್ಕೆ ಬೇಸರವಾಗಿರಬೇಕು.

ಜನವರಿ 15

ಕೈ: ಇಲ್ಲ.

ಇನ್ನು ಮೇಲೆ ಬೆಣೆಯನ್ನೇ ಚೀಲದಲ್ಲಿಟ್ಟುಕೊಂಡು ಹೋಗುವುದು.

ಜನವರಿ 22

ಕೈ: ಇಲ್ಲ. ಊತ ಸ್ವಲ್ಪ ಕಡಿಮೆ.

ಈ ವಾರ ಹನ್ನೊಂದು ಅಂಗಡಿ. ಪ್ರತಿ ಅಂಗಡಿಯಲ್ಲೂ ಚೀಲ ತೆಗೆದು ಬೆಣೆಯನ್ನು ಕೊಳವೆಯ ಬಾಯಿಗೆ ತುರುಕುತ್ತೇನೆ. "ಏನಮ್ಮಾ, ಬಾಟ್ಲಿ ಮುಚ್ಚಳ ಹುಡುಕ್ತಿದ್ದೀರಾ?" ಎಂದು ಒಬ್ಬ ನಕ್ಕ. ಇನ್ನೊಬ್ಬ ಪಾಪ, ಕುರ್ಚಿ ಹಾಕಿ, ಗೋದಾಮಿನಿಂದ ಒಂದು ಕಂತೆಯನ್ನೇ ತರಿಸಿದ. ಬೆಣೆ ಬೆಣ್ಣೆಯ ಹಾಗೆ ಒಳಗಿಳಿಯಿತು! ಗೋಡೆಯೂ ತೆಳು.

ಮನೆಗೆ ತಂದು ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಕಂಡಿತು, ಉದ್ದಕ್ಕೂ ಬೆಸುಗೆಯ ಏಣು. ತಗಡು ಸುತ್ತಿ ಬೆಸೆದ ಕೊಳವೆ. ಗಾಳಿ ಹೋಗುವ ದಾರಿಯಲ್ಲಿ ಆ ಏಣು ಬಂದರೆ ಸೀಟಿ ಗೊರಕೆ ಹೊಡೆಯುತ್ತದೆ ಎಂದು ಇವರು ಯಾರಿಗೋ ಹೇಳಿದ್ದು ನೆನಪಿದೆ. ಕೊಟ್ಟೆ. ಕಚ್ಚಿದರು, ತಟ್ಟಿದರು, "ಊಹೂಂ". ಗೋಡೆ ಕಡೆ ತಿರುಗಿ ಮಲಗಿದರು. ತುತ್ತು ಬಾಯಿಗೆ ಹಿಡಿದರೆ ಅದಕ್ಕೂ ಊಹೂಂ.

ಜನವರಿ 29

ಕೈ: ಇಲ್ಲ.

ಎಲ್ಲೂ ಸಿಗಲಿಲ್ಲ. ಪರದೆ ಕಂಬಿ ಮಾರುವವನ ಹತ್ತಿರವೂ ಕೇಳಿದೆ. ಒಳಗೆ ಕಬ್ಬಿಣ, ಮೇಲೆ ಬಣ್ಣ. ಬರಿಗೈಯಲ್ಲಿ ಬಂದು ಮಂಚದ ಪಕ್ಕ ಕೂತು, "ಇವತ್ತು ಏನೂ ಸಿಗ್ಲಿಲ್ಲ ರೀ" ಎಂದೆ. ನನ್ನ ಮುಖ ನೋಡಿ ಎಡಗೈಯಿಂದ ನನ್ನ ಮಂಡಿ ತಟ್ಟಿದರು. ಪೂರ್ತಿ ಊಟ ಮಾಡಿದರು. ಎಷ್ಟು ಒಳ್ಳೆಯವರು.

ಇನ್ನು ಐವತ್ತು ದಿನ.

ಫೆಬ್ರವರಿ 4

ಕೈ: ಇಲ್ಲ.

ಆ ಬೆಸುಗೆ ಕೊಳವೆ ಕಣ್ಣಿಗೆ ಚುಚ್ಚುತ್ತಿತ್ತು. ಏಣು ಗಾಳಿಯ ದಾರಿಗೆ ಅಡ್ಡವಾದರೆ ತಾನೇ ತೊಂದರೆ? ಕೊಳವೆಯನ್ನು ತಿರುಗಿಸಿ, ಏಣನ್ನು ಹಿಂಬದಿಗೆ ಹಾಕಿ, ಕಿಟಕಿಯನ್ನು ಮುಂದೆ ಕೊರೆದರೆ? ಸುಮ್ಮನೆ ಒಂದು ತುಂಡು ಕತ್ತರಿಸಿ ನೋಡಿದೆ. ಅಡುಗೆಮನೆಯ ಮಣೆಯ ಮೇಲೆ, ಬೆಂಚಿನ ಮೇಲಲ್ಲ. ಬೆಂಚು ಅವರದ್ದು. ಕಿಟಕಿಯ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ಚೂಪು ಮಾಡುವಷ್ಟರಲ್ಲಿ ಬೆರಳು ಸೋತವು. ಬೆಣೆ ಹಾಕಿ ಊದಿದೆ. ಹಾವಿನ ಹಾಗೆ ಬುಸ್ ಎಂದಿತು. ಬೆಣೆಯನ್ನು ಕೂದಲೆಳೆಯಷ್ಟು ಹಿಂದೆಳೆದೆ. ಆಗ ಒಂದು ಸ್ವರ ಬಂತು, ಸಣ್ಣದು, ಆದರೆ ಸ್ವರ.

"ಅತ್ತಿಗೇ, ಕುಕ್ಕರ್ ಕೂಗ್ತಿದೆ" ಎಂದು ನಾದಿನಿ ಮಲಗುವ ಕೋಣೆಯಿಂದ ಕೂಗಿದಳು. ಬೇಕೆಂದೇ. ಅವಳಿಗೆ ಸೀಟಿಗೂ ಕುಕ್ಕರಿಗೂ ವ್ಯತ್ಯಾಸ ಗೊತ್ತಿಲ್ಲವೇ.

ಇದನ್ನು ಮಾಡಿದ್ದು ಕೊಳವೆ ಪರೀಕ್ಷೆಗೆ ಮಾತ್ರ. ಇನ್ನು ಮೇಲೆ ತಂದ ಕೊಳವೆಯನ್ನೆಲ್ಲ ಹೀಗೆ ಒಂದು ಕೈ ನೋಡಿಯೇ ಇವರಿಗೆ ಕೊಡುವುದು. ಸುಮ್ಮನೆ ಕೆಟ್ಟದ್ದನ್ನು ಕೊಟ್ಟು ಯಾಕೆ ಅವರ ಮನಸ್ಸು ಮುರಿಯಬೇಕು?

ಫೆಬ್ರವರಿ 12

ಕೈ ಹಾಳಾಗಿ ಹೋಗಲಿ.

ಹೀಗೆ ಬರೆಯಬಾರದಿತ್ತು. ಗೀಚಿ ಅಳಿಸುವುದಿಲ್ಲ, ಇರಲಿ.

ರೇಡಿಯೋ ಆಂಟೆನಾ ಮಾಡುವ ಕಾರ್ಖಾನೆಗೆ ಹೋಗಿದ್ದೆ. ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ, ನಡುವೆ ಗೇಟಿನ ಹತ್ತಿರ ಎರಡು ಗಂಟೆ ನಿಂತಿದ್ದು ಬೇರೆ. ಒಂದರೊಳಗೊಂದು ತೂರುವ ಆ ಆಂಟೆನಾ ಕೊಳವೆಗಳು ಹಿತ್ತಾಳೆಯವು, ಬೆಸುಗೆ ಇರುವುದಿಲ್ಲ, ಗೋಡೆ ಕಾಗದದಷ್ಟು ತೆಳು ಎಂದು ಯಾರೋ ಹೇಳಿದ್ದರು. ಸ್ಟೋರಿನ ಮುದುಕರು ಮೊದಲು ಆಗುವುದಿಲ್ಲ ಎಂದರು. ಚೀಲದಿಂದ ಬೆಣೆ ತೆಗೆದು, ಇವರ ಕೈಯ ಕಥೆ ಹೇಳಿ, ನಾಚಿಕೆ ಬಿಟ್ಟು ಅಲ್ಲೇ ಅತ್ತುಬಿಟ್ಟೆ. ಮುದುಕರು ಕನ್ನಡಕ ಒರೆಸಿಕೊಂಡು ಒಳಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಅಳತೆಯ ಆರು ತುಂಡು ತಂದುಕೊಟ್ಟರು. "ತಗೊಳಮ್ಮಾ, ಇವು ಹೇಗಿದ್ರೂ ಗುಜರಿಗೆ ಹೋಗೋವು. ಸೀಟಿ ಆದ್ರೆ ನಂಗೂ ಒಂದು ಕೇಳ್ಸು."

ಬೆಣೆ ಸರಿಯಾಗಿ ಕೂತಿತು. ಮಣೆಯ ಮೇಲೆ ಕಿಟಕಿ ಕೊರೆದು ಊದಿದೆ. ನಿಜ ಹೇಳುತ್ತೇನೆ, ಅದು ನಮ್ಮ ಸೀಟಿಯ ಸ್ವರವೇ. ಮೂವತ್ತು ವರ್ಷದಿಂದ ದಿನಾ ಕೇಳಿದ ಸ್ವರ ನನಗೆ ಗೊತ್ತಾಗುವುದಿಲ್ಲವೇ? ಕೊರೆಯದ ತುಂಡೊಂದನ್ನು ಇವರ ಕೈಗೆ ಕೊಟ್ಟೆ.

"ಊಹೂಂ."

ಪಿತ್ತ ನೆತ್ತಿಗೇರಿತು. "ಇದಕ್ಕೇನಾಗಿದೆ? ಹೇಳಿ, ಇದಕ್ಕೇನು ಧಾಡಿ? ನಾನೇನು ಗಣಿಗೆ ಹೋಗಿ ತಾಮ್ರ ಅಗೆದು ತರ್ಲಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಇವರು ಕೊಳವೆಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ರೆಪ್ಪೆ ನಡುಗುತ್ತಿತ್ತು. ಮಾತು ಬಾರದ ಮನುಷ್ಯನ ಮೇಲೆ ಕೂಗಾಡುವ ನಾನೆಂಥ ಹೆಂಗಸು?

ಫೆಬ್ರವರಿ 13

ಕೈ: ನೋಡಲಿಲ್ಲ.

ಫೆಬ್ರವರಿ 21

ಕೈ: ಮಣಿಕಟ್ಟು ಬಿಗಿಯುತ್ತಿದೆ ಎಂದು ಕೈ ಡಾಕ್ಟರಮ್ಮ ಹೇಳಿದಳು. ಬೆರಳು ಒಳಕ್ಕೆ ಮಡಚಿಕೊಳ್ಳುತ್ತಿವೆ. ಇನ್ನು ಇಪ್ಪತ್ತೇಳು ದಿನ.

"ಕೆಲಸ ಶುರು ಮಾಡಿಸಿದ್ರಾ?" ಎಂದು ಕೇಳಿದಳು. ಕೊಳವೆ ಸಿಕ್ಕಿಲ್ಲ ಎಂದೆ. ಅವಳು ಬೆರಳುಗಳನ್ನು ಮತ್ತೊಂದು ಸಲ ಬಿಡಿಸಿ ನೋಡಿದಳು.

ಹೊಸ ಲೋಹದ ಆಸೆ ಬಿಟ್ಟು ಗುಜರಿ ಹಿಡಿದಿದ್ದೇನೆ. ಗುಜರಿ ಅಂಗಡಿ ನಡೆಸುವವಳು ನನ್ನ ವಯಸ್ಸಿನವಳೇ, ನನ್ನ ಎರಡರಷ್ಟಿದ್ದಾಳೆ, ತಕ್ಕಡಿಯ ಪಕ್ಕದಿಂದ ಏಳುವುದಿಲ್ಲ. ಹಳೇ ದೀಪದ ಕಂಬ, ಮುರಿದ ಮಂಚದ ಕಾಲು, ಸ್ಟೌವಿನ ಕೊಳವೆ ಎಲ್ಲ ರಾಶಿಯಿಂದ ಎಳೆದು ನನ್ನ ಮುಂದೆ ಎಸೆಯುತ್ತಾಳೆ. ಮೊದಲ ದಿನವೇ "ಬಾ ಸೀಟಿಯಮ್ಮಾ" ಎಂದಳು. ನಾನು ಸೀಟಿಯವರ ಹೆಂಡತಿ, ಸೀಟಿಯಮ್ಮ ಅಲ್ಲ ಎಂದು ತಿದ್ದಿದೆ. "ಎಲ್ಲಾ ಒಂದೇ ತೂಕ" ಎಂದಳು.

ಕಾಲಿಡಲು ಜಾಗವಿಲ್ಲದಷ್ಟು ಜನ ಇರುವ ಬಸ್ಸಿನಲ್ಲಿ ನಿಂತು ಬರುವಾಗ ತಲೆಯಲ್ಲಿ ಒಂದೇ ಲೆಕ್ಕ: ಇದು ತುಸು ದಪ್ಪ, ಕಿಟಕಿ ಅಗಲಿಸಬೇಕು, ಇದು ಮೆದು, ಅಂಚು ನಿಲ್ಲುವುದಿಲ್ಲ. ಇವತ್ತು ನನ್ನ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದೆ. ತಲೆ ಕೆಟ್ಟಿದೆ.

ಮಾರ್ಚ್ 1

ಕೈ: ಇಲ್ಲ. ಇಲ್ಲ. ಇಲ್ಲ.

ಗುಜರಿಯವಳು ಹೇಳಿ ಕಳಿಸಿದ್ದಳು. ಮುಚ್ಚಿಹೋದ ಯಾವುದೋ ವರ್ಕ್‌ಶಾಪಿನ ಸಾಮಾನಿನಲ್ಲಿ ಒಂದು ಕಟ್ಟು ಹಿತ್ತಾಳೆ. ಕರಿ ಹಿಡಿದಿತ್ತು. ಹಿತ್ತಲಲ್ಲಿ ಕೂತು ಉಜ್ಜಿ ತೊಳೆದಾಗ ಒಳಗಿನಿಂದ ಹೊಸದರ ಹಾಗೆ ಹೊರಬಂತು. ಬೆಸುಗೆ ಇಲ್ಲ. ಅಳತೆ ಸರಿ. ಗೋಡೆ ಸರಿ. ಒಂದು ತುಂಡಿಗೆ ಕಿಟಕಿಯ ಜೊತೆ ಆರು ತೂತನ್ನೂ ಹಾಕಿದೆ, ಹಳೇ ಸೀಟಿ ಪಕ್ಕದಲ್ಲಿಟ್ಟು ಗುರುತು ಮಾಡಿಕೊಂಡು. ಎಲ್ಲ ತೂತೂ ಸರಿಯಿರಲಿಲ್ಲ, ಅದು ನನ್ನ ಕೈಯ ತಪ್ಪು, ಕೊಳವೆಯದ್ದಲ್ಲ. ನಾದಿನಿ ಬಂದು ನನ್ನ ಕೈಯಿಂದ ಕಿತ್ತುಕೊಂಡು ಊದಿದಳು. ತಿರುಗಿಸಿ ನೋಡಿದಳು.

"ಅಪ್ಪನ ಸೀಟಿ ಥರಾನೇ ಇದೆ ಅತ್ತಿಗೆ."

"ನಿಂಗೇನು ಗೊತ್ತು?"

"ನಂಗೆ ಗೊತ್ತಿಲ್ದೆ ನಿಮಗೆ ಗೊತ್ತಾ? ನಾನು ತೊಟ್ಲಲ್ಲಿ ಕೇಳಿದ್ದು ಇದನ್ನೇ."

ಕೊಳವೆ ತೆಗೆದುಕೊಂಡು ಒಳಗೆ ಹೋದೆ. ಹೋಗುವ ಮೊದಲು ಅರ, ಗರಗಸ, ಹಿಡಿಕೆಗೆ ಸುತ್ತುವ ಬಟ್ಟೆ ಎಲ್ಲ ತಟ್ಟೆಯಲ್ಲಿ ಜೋಡಿಸಿಟ್ಟಿದ್ದೆ, ಇವರು ಒಂದು ಸಲ ತಲೆಯಾಡಿಸಿದರೆ ಸಾಕು, ಈಗಲೇ ಶುರು ಎಂದು. ಇವರು ತಟ್ಟೆ ನೋಡಿದರು. ಕೊಳವೆ ಕಚ್ಚಿದರು. ತಟ್ಟಿದರು.

ಊಹೂಂ.

ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಇನ್ನೆಲ್ಲಿ ಹೋಗಲಿ? ಈ ಊರಿನ ಹಿತ್ತಾಳೆಯನ್ನೆಲ್ಲ ಮುಟ್ಟಿ ಬಂದೆ. ಕಂಡವರ ಮುಂದೆ ಅತ್ತೆ. ಕಾಲು ಊದಿಕೊಂಡಿದೆ. ಹತ್ತೊಂಬತ್ತು ದಿನ ಇದೆ, ಆಮೇಲೆ ಆ ಕೈ ಹಾಗೇ ಮುದುಡಿಕೊಂಡು ಉಳಿಯುತ್ತದೆ, ಹೆಂಡತಿಗೆ ಒಂದು ಕೊಳವೆ ಹುಡುಕಲಾಗಲಿಲ್ಲ ಎಂಬ ಕಾರಣಕ್ಕೆ. ದೇವರೇ ಎನ್ನಲೂ ಬಾಯಿ ಬರಲಿಲ್ಲ. ನಾದಿನಿ ಬಂದು ಪಕ್ಕದಲ್ಲಿ ಕೂತಳು.

ಮಾರ್ಚ್ 7

ಬೆಂಚನ್ನು ಗೋಡೆಯಿಂದ ಸರಿಸಿ ಗುಡಿಸಿದೆ. ಆರು ತಿಂಗಳ ಧೂಳು. ಧೂಳಿನೊಳಗೆ ಒಂದು ಕೊಳವೆ ಸಿಕ್ಕಿತು, ಸರಿಯಾಗಿ ಒಂದೂವರೆ ಗೇಣು. ಯಾವಾಗಲೋ ಹಲಗೆಯಿಂದ ಜಾರಿ ಹಿಂದೆ ಬಿದ್ದದ್ದು. ಒಂದು ತುದಿಯಲ್ಲಿ ನೀಲಿ ಬಣ್ಣದ ಗುರುತು. ನಮಗೆ ಕೊಳವೆ ಕೊಡುತ್ತಿದ್ದ ಹಳೇ ಕಾರ್ಖಾನೆಯದು! ಇವರ ಕೈಯಲ್ಲೇ ಸಾವಿರಗಟ್ಟಲೆ ಸೀಟಿಯಾದ ಕೊಳವೆ.

ಒಂದೇ ಒಂದು ತುಂಡು. ಇದನ್ನು ಮಾದರಿಗೆ ಇಟ್ಟುಕೊಂಡರೆ ಹುಡುಕುವುದು ಸುಲಭ ಎಂದು ಖುಷಿಯಾಯಿತು. ಗುಜರಿಯಿಂದ ತಂದ ಬೇರೆ ಆರು ತುಂಡುಗಳ ಜೊತೆ ಇದನ್ನೂ ಪುಡಿ ಹಾಕಿ ಉಜ್ಜಿದೆ. ಉಜ್ಜುವ ಭರದಲ್ಲಿ ಹೊರಗಿನ ನೀಲಿ ಹೋಯಿತು. ಅಂಚಿನ ಒಳಗೆ ಮಾತ್ರ ಒಂದು ಗೀರು ಉಳಿದಿತ್ತು, ಬೆಳಕಿಗೆ ಹಿಡಿದರೆ ಕಾಣುವಷ್ಟು.

ಏಳನ್ನೂ ತಟ್ಟೆಯಲ್ಲಿಟ್ಟು ಇವರ ಪಕ್ಕ ಇಟ್ಟೆ. ಯಾವುದು ಹಳೆಯದರ ಹತ್ತಿರ ಬರುತ್ತದೆ ಎಂದು ಇವರೇ ಹೋಲಿಸಲಿ ಎಂದು. ಹಳೆಯದು ಒಂದಿದೆ ಎಂದು ಹೇಳುವಷ್ಟರಲ್ಲಿ ಹಾಲು ಉಕ್ಕಿದ ಸದ್ದಾಯಿತು, ಅಡುಗೆಮನೆಗೆ ಓಡಿದೆ. ಬರುವಾಗ ಇವರು ಆಗಲೇ ಶುರು ಮಾಡಿದ್ದರು. ಬಾಗಿಲಲ್ಲಿ ನಿಂತು ನೋಡಿದೆ. ಕಚ್ಚುವುದು, ತಟ್ಟುವುದು, ಆ ಕಡೆ ಇಡುವುದು. ನಾಲ್ಕನೆಯದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದರು. ಎರಡು ಸಲ ತಟ್ಟಿದರು. ಕೆನ್ನೆಗೆ ಒತ್ತಿಕೊಂಡರು. ಆಮೇಲೆ ತೊಡೆಯ ಮೇಲಿದ್ದ ಬಲಗೈಯನ್ನು ನೋಡಿದರು. ನನ್ನನ್ನು ಕಂಡು ಕೊಳವೆ ಕೆಳಗಿಟ್ಟರು.

"ಊಹೂಂ."

ಉಳಿದ ಮೂರಕ್ಕೂ ಅದೇ. ತಟ್ಟೆ ಎತ್ತಿಕೊಂಡು ಹೊರಗೆ ಬಂದು ನಾಲ್ಕನೆಯದನ್ನು ಬೆಳಕಿಗೆ ಹಿಡಿದೆ. ಒಳಗೆ ನೀಲಿ ಗೀರು.

ಲಕ್ವ ಇವರ ಕಿವಿಯನ್ನೂ ತಿಂದಿತೇ? ತನ್ನ ಕೊಳವೆಯೇ ತನಗೆ ಗೊತ್ತಾಗುತ್ತಿಲ್ಲವೇ? ಹಾಗಾದರೆ ಎಲ್ಲ ಮುಗಿಯಿತು.

ಮಾರ್ಚ್ 8

ಗೊತ್ತಾಗದೇ ಇದ್ದರೆ ಕೆನ್ನೆಗೆ ಯಾಕೆ ಒತ್ತಿಕೊಳ್ಳುತ್ತಿದ್ದರು?

ಇವರು ಮಧ್ಯಾಹ್ನ ಮಲಗಿದ್ದಾಗ ಈ ಪುಸ್ತಕವನ್ನು ಮೊದಲಿನಿಂದ ತಿರುವಿದೆ. ಕೊಳವೆ ತಂದ ದಿನಗಳಲ್ಲಿ ಊಟ ಬಿಟ್ಟಿದ್ದಾರೆ. ಜನವರಿ ಇಪ್ಪತ್ತೊಂಬತ್ತು, ಬರಿಗೈಯಲ್ಲಿ ಬಂದ ದಿನ, ಪೂರ್ತಿ ಊಟ. ನನ್ನ ಮಂಡಿ ತಟ್ಟಿದ್ದಾರೆ. ಎಷ್ಟು ಒಳ್ಳೆಯವರು ಎಂದು ಬರೆದಿದ್ದೇನೆ, ನನ್ನ ಬುದ್ಧಿಗಿಷ್ಟು.

ಎಲ್ಲ ನನ್ನ ಕೈಯಲ್ಲೇ ಬರೆದದ್ದು, ನನಗೇ ಕಂಡಿರಲಿಲ್ಲ.

ಕೊಳವೆ ಸಿಗದಷ್ಟು ದಿನ ಅದು ಕೆಲಸವಿಲ್ಲದ ಕೈ, ಅಷ್ಟೇ. ಕೊಳವೆ ಬಂದ ದಿನ ಅರ ಹಿಡಿಯಬೇಕು. ಅರ ಜಾರುತ್ತದೆ. ಜಾರಿದರೆ ಅದು ಸತ್ತ ಕೈ. ಇವರಿಗೆ ಅದು ನನಗಿಂತ ಮೊದಲೇ ಗೊತ್ತು. ಜನವರಿ ಹನ್ನೊಂದಕ್ಕೇ, ಅರ ಹಾಸಿಗೆಗೆ ಬಿದ್ದಾಗಲೇ ಗೊತ್ತಾಗಿದೆ. ಅದಕ್ಕೇ ಅದರ ಕಡೆ ನೋಡದೆ ಖಾಲಿ ಹಲಗೆ ತೋರಿಸಿದ್ದು. ನಾನು ಹೆಡ್ಡಿ, ಊರೆಲ್ಲ ಅಲೆದು, ದಿನಕ್ಕೊಂದು ಕೊಳವೆ ತಂದು, ಹೆದರಿದ ಮನುಷ್ಯನ ಮುಂದೆ ಮತ್ತೆ ಮತ್ತೆ ಹಿಡಿದಿದ್ದೇನೆ. ಅರ ಗರಗಸ ತಟ್ಟೆಯಲ್ಲಿ ಜೋಡಿಸಿ ಹಿಡಿದಿದ್ದೇನೆ!

ಇನ್ನೊಂದು ಮಾತನ್ನೂ ಬರೆಯುತ್ತೇನೆ, ಇಲ್ಲಿ ಬರೆಯದಿದ್ದರೆ ಬೇರೆಲ್ಲೂ ಹೇಳಲಾರೆ. ನಾನೂ ಮನೆಯಲ್ಲಿ ಕೂತು ಆ ಕೈಯನ್ನು ನೋಡಲಾಗದೆ ಅಲೆದೆ. ಸಿಕ್ಕಿಬಿಟ್ಟರೆ ಏನು ಗತಿ ಎಂದು ನನಗೂ ಒಳಗೊಳಗೇ ಭಯವಿತ್ತು.

ಮಾರ್ಚ್ 10

ಹೊರಗೆ ಹೋದ ಹಾಗೆ ಮಾಡಿ ನಾದಿನಿಯ ಮನೆಯಲ್ಲಿ ಎರಡು ಗಂಟೆ ಕೂತು ಬಂದೆ. "ಸಿಗ್ಲಿಲ್ಲ" ಎಂದೆ. ಚೆನ್ನಾಗಿ ಊಟ ಮಾಡಿದರು.

ಮಾರ್ಚ್ 13

ಹೀಗೆ ಎಷ್ಟು ದಿನ? ಇವತ್ತು ಮಂಚದ ಪಕ್ಕ ಕೂತು ಬಲಗೈಯನ್ನು ನನ್ನ ಮಡಿಲಿಗೆ ಎತ್ತಿಕೊಂಡೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೇಳಿದೆ: "ಇನ್ಮೇಲೆ ಹುಡ್ಕಲ್ಲ ರೀ. ನನ್ ಕಾಲು ಬಿದ್ದೋಯ್ತು. ನನ್ ಕೈಲಾಗಲ್ಲ."

ತಪ್ಪೆಲ್ಲ ನನ್ನ ಕಾಲಿನದು ಎಂಬಂತೆ ಹೇಳಿದೆ. ನೀಲಿ ಗೀರಿನ ಮಾತು ಎತ್ತಲಿಲ್ಲ. ಎತ್ತುವುದೂ ಇಲ್ಲ.

ಇವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅತ್ತರು. ಸೆಪ್ಟೆಂಬರಿನಿಂದ ಒಂದು ಸಲವೂ ಅತ್ತಿರಲಿಲ್ಲ. ಮುಖದ ಅರ್ಧ ಮಾತ್ರ ಅಳುತ್ತದೆ, ಇನ್ನರ್ಧ ಸುಮ್ಮನಿರುತ್ತದೆ, ನೋಡಲಾಗುವುದಿಲ್ಲ. ನೋಡಿದೆ. ಸೆರಗಿನಲ್ಲಿ ಎರಡೂ ಕಡೆ ಒರೆಸಿದೆ.

ಮಾರ್ಚ್ 20

ಆರು ತಿಂಗಳು.

ಕೈ ಡಾಕ್ಟರಮ್ಮ ಬಂದು ಕೋನಮಾಪಕದಂಥದ್ದನ್ನು ಹಿಡಿದು ಮಣಿಕಟ್ಟು, ಬೆರಳು ಎಲ್ಲ ಅಳೆದಳು. "ಇಷ್ಟೇ ಅಂತ ನಾನು ಹೇಳಲ್ಲ. ಆದ್ರೆ ಸಣ್ಣ ಕೆಲಸ ಈ ಕೈಯಲ್ಲಿ ಕಷ್ಟ" ಎಂದಳು. ಇವರೆದುರೇ ಹೇಳಿದಳು. ಇವರು ಎಡಗೈಯಿಂದ ಬಲಗೈಯ ಮೇಲೆ ಹೊದಿಕೆ ಎಳೆದುಕೊಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ. ಹೊರಗೆ ಯಾರೋ ಗಾಡಿ ಶುರು ಮಾಡುತ್ತಿದ್ದರು, ಆಗುತ್ತಿರಲಿಲ್ಲ.

ಪುಸ್ತಕ ಕೇಳಿದಳು. ಕೊಡಲಿಲ್ಲ, ಕೈಯ ಸಾಲುಗಳನ್ನಷ್ಟೇ ಓದಿ ಹೇಳಿದೆ. ಫೆಬ್ರವರಿ ಹನ್ನೆರಡನ್ನು ಬಿಟ್ಟೆ.

ಅವಳು ಹೋದ ಮೇಲೆ ನೀಲಿ ಗೀರಿನ ತುಂಡು ತೆಗೆದುಕೊಂಡು ಬೆಂಚಿನ ಮುಂದೆ ಕೂತೆ. ಯಾಕೆ ಈಗ ಎಂದು ನನ್ನನ್ನೇ ಕೇಳಿಕೊಂಡೆ. ಆ ಕೊಳವೆ ಹಾಗೇ ಉಳಿದರೆ ಜೀವನವೆಲ್ಲ ನನ್ನನ್ನು ನೋಡುತ್ತಿರುತ್ತದೆ ಅನಿಸಿತು. ಬೇರೆ ಕೊಳವೆ ಕೆಟ್ಟರೆ ತಪ್ಪನ್ನು ಕೊಳವೆಯ ಮೇಲೆ ಹಾಕಬಹುದು. ಇದು ಕೆಟ್ಟರೆ ಕೈಯದೇ ತಪ್ಪು. ಒಂದೇ ತುಂಡು, ಕಿಟಕಿ ಒಂದು ಕೂದಲು ಅಗಲವಾದರೂ ಹೋಯಿತು. ಎರಡು ಸಲ ಗರಗಸ ಎತ್ತಿ ಎರಡು ಸಲ ಇಟ್ಟೆ. ಅರದ ಸದ್ದು ಕೇಳಿದರೆ ಇವರಿಗೆ ಹೇಗಾದೀತೋ ಎಂದು ಬಾಗಿಲು ಮುಚ್ಚಲು ಎದ್ದೆ. ಕತ್ತಲಾಗುತ್ತದೆ ಎಂದು ತೆರೆದೇ ಬಿಟ್ಟೆ.

ಮಾರ್ಚ್ 23

ಕಿಟಕಿಗೆ ಒಂದು ದಿನ, ಬೆಣೆಗೆ ಒಂದು ದಿನ, ಇವತ್ತು ತೂತುಗಳು. ಅರದ ಸದ್ದು ಮೂರು ದಿನವೂ ಮನೆಯೆಲ್ಲ ಕೇಳಿತು. ಒಳಗಿನಿಂದ ಊಹೂಂ ಬರಲಿಲ್ಲ, ಏನೂ ಬರಲಿಲ್ಲ.

ಹನ್ನೊಂದು ಗಂಟೆಗೆ ಕೊನೆಯ ತೂತಿನ ಅಂಚಿಗೆದ್ದ ಮುಳ್ಳು ಉಜ್ಜಿ ತೆಗೆದು, ಕೂತಲ್ಲೇ ಊದಿದೆ. ಕೆಳಗಿನ ಸ್ವರದಿಂದ ಮೇಲಕ್ಕೆ, ಒಂದೊಂದೇ ಬೆರಳು ಎತ್ತುತ್ತಾ. ನಾದಿನಿ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. ಕುಕ್ಕರಿನ ಮಾತು ಬರಲಿಲ್ಲ.

ಒಳಗಿನಿಂದ ಸದ್ದಾಯಿತು. ಟಣ್.

ಸೀಟಿ ಬಾಯಿಂದ ತೆಗೆದೆ.

ಟಣ್.

ಎರಡು.

ಒಳಗೆ ಓಡಿದೆ. ಇವರ ಎಡಗೈಯಲ್ಲಿ ಆಂಟೆನಾ ಕಾರ್ಖಾನೆಯ ಕೊಳವೆ, ಮಂಚದ ಪಕ್ಕವೇ ಉಳಿದುಹೋಗಿದ್ದದ್ದು. ಅದರಲ್ಲೇ ಮಂ‍ಚದ ಕಬ್ಬಿಣದ ಸರಳು ಕುಟ್ಟಿದ್ದಾರೆ. ಹುಬ್ಬು ಗಂಟಾಗಿದೆ. ಕೆಟ್ಟ ಕೆಲಸ ಕಂಡಾಗ ಇವರಿಗೆ ಬರುತ್ತಿದ್ದ ಆ ಸಿಡುಕು ಮುಖ, ಸೆಪ್ಟೆಂಬರಿನಿಂದ ಕಾಣದೇ ಹೋಗಿದ್ದ ಮುಖ.

"ಏನಾಗಿದೆ? ಯಾವ್ದು ಸರಿಯಿಲ್ಲ?"

ಕೊಳವೆಯನ್ನು ಹೊದಿಕೆಯ ಮೇಲೆ ಹಾಕಿ ನಾಲ್ಕು ಬೆರಳು ತೋರಿಸಿದರು.

"ನಾಲ್ಕನೇದಾ? ನಾಲ್ಕನೇದು ಸರಿಯಾಗೇ ಇದೆ ರೀ."

"ಊಹೂಂ."

"ನಾನು ಕೇಳಿದೀನಿ, ಸರಿ ಇದೆ."

"ಊಹೂಂ!"

"ಮೂರು ದಿನ ಕೂತು ಮಾಡಿದೀನಿ, ನನ್ ಬೆರಳು ನೋಡಿ!"

ನೋಡಿದರು. ಆಮೇಲೆ ಕೊಳವೆ ಎತ್ತಿ ಮತ್ತೆ ಎರಡು ಸಲ ಕುಟ್ಟಿದರು.

ಸಿಟ್ಟಿನಿಂದ ಕಾಲಪ್ಪಳಿಸುತ್ತಾ ಬೆಂಚಿಗೆ ಬಂದೆ. ನಾಲ್ಕನೆಯದನ್ನು ಮಾತ್ರ ಊದಿ ಕೇಳಿದೆ. ಹಾಳಾದ್ದು, ಒಂದು ಎಳೆ ಇಳಿದಿದೆ. ತೂತಿನ ಮೇಲಂಚನ್ನು ಅರದಿಂದ ಎರಡು ಸಲ ಸವರಿ ಊದಿದೆ. ಒಳಗಿನಿಂದ ಎರಡು. ಮತ್ತೆ ಸವರಿದೆ. ಎರಡು. ಕಣ್ಣಲ್ಲಿ ನೀರು ತುಂಬಿ ತೂತೇ ಕಾಣಲಿಲ್ಲ. ಇಂಥ ಹಟಮಾರಿಯನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ನಾದಿನಿಗೆ ಕೇಳಿದೆ. "ಇಬ್ಬರನ್ನ ಕಂಡಿದೀನಿ" ಎಂದು ಚಹಾ ನನ್ನ ಪಕ್ಕ ಇಟ್ಟು ಹೋದಳು. ಅದು ಆರಿ ತಣ್ಣಗಾಗಿದೆ.

ಕೈ: ಎಡ ಹೆಬ್ಬೆರಳು ಅರಕ್ಕೆ ಸಿಕ್ಕಿ ತರಚಿದೆ. ಬಲ ಮಣಿಕಟ್ಟು ನೋಯುತ್ತಿದೆ, ಅರ ಹಿಡಿಯುವ ರೀತಿ ತಪ್ಪಿರಬೇಕು, ಇವರನ್ನು ಕೇಳಬೇಕು. ನಾಲ್ಕನೇ ತೂತು ಇನ್ನೊಂದು ಕೂದಲೆಳೆ. ಊಟವಾದ ಮೇಲೆ ಮತ್ತೆ ಕೂರುತ್ತೇನೆ.